ಜೆ-1 ವೀಸಾದ ಎರಡು ವರ್ಷದ ಕಟ್ಟು: ಬಿಡಿಸಿಕೊಳ್ಳುವ ದಾರಿ, ಮೊದಲಿಂದ ಕೊನೆಯವರೆಗೆ

ಬೆಂಗಳೂರಿನಲ್ಲಿ ಪಿಎಚ್.ಡಿ ಮುಗಿಸಿ ಪೋಸ್ಟ್‌ಡಾಕ್ ಸಂಶೋಧನೆಗೆಂದು ಅಮೆರಿಕಕ್ಕೆ ಹೊರಟಾಗ ನನ್ನ ಫೈಲಿನಲ್ಲಿ ಎರಡು ಮುಖ್ಯ ಕಾಗದಗಳಿದ್ದವು. ಒಂದು, ಪಾಸ್‌ಪೋರ್ಟಿನಲ್ಲಿ ಅಂಟಿಸಿದ ಜೆ-1 ವೀಸಾ, ಅಂದರೆ ವಿನಿಮಯ ಕಾರ್ಯಕ್ರಮದಲ್ಲಿ ಬರುವವರಿಗೆ ಅಮೆರಿಕ ಕೊಡುವ ವೀಸಾ. ಇನ್ನೊಂದು ಡಿಎಸ್-2019, ಆ ಕಾರ್ಯಕ್ರಮದ ಅವಧಿ, ಹಣದ ಮೂಲ ಮುಂತಾದ ವಿವರಗಳಿರುವ ಪ್ರಮಾಣಪತ್ರ. ಎರಡರ ಮೇಲೂ, ಕಾರ್ಯಕ್ರಮ ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿ ಇರಬೇಕೆನ್ನುವ 212(ಇ) ವಿಧಿ ನನಗೆ ಅನ್ವಯಿಸುತ್ತದೆ ಎಂಬ ಪುಟ್ಟ ಸಾಲಿತ್ತು. ವಿಮಾನ ಹತ್ತುವ ಗಡಿಬಿಡಿಯಲ್ಲಿ ಅದರ ತೂಕ ತಿಳಿಯಲಿಲ್ಲ. ಮೂರನೆಯ ವರ್ಷ ವಿಭಾಗದವರು ಎಚ್-1ಬಿ ಎಂಬ ಉದ್ಯೋಗ ವೀಸಾ ಮಾಡಿಸಿಕೊಡುತ್ತೇವೆ ಎಂದಾಗ ವಿದೇಶಿ ವಿದ್ವಾಂಸರ ಕಚೇರಿಯ ಅಧಿಕಾರಿ ಆ ಸಾಲಿನ ಮೇಲೆ ಬೆರಳಿಟ್ಟು, ‘ಮೊದಲು ಇದನ್ನು ಬಿಡಿಸಿಕೊಂಡು ಬನ್ನಿ’ ಎಂದರು. ಬಿಡಿಸಿಕೊಳ್ಳಲು ಹನ್ನೊಂದು ತಿಂಗಳು ಹಿಡಿಯಿತು. ಅದರಲ್ಲಿ ಅರ್ಧದಷ್ಟು ಕಾಲ ಹೋದದ್ದು ನನಗೆ ಈ ನಿಯಮ ಯಾವ ಕಾರಣದಿಂದ ತಗುಲಿದೆ ಎಂಬುದನ್ನು ಸರಿಯಾಗಿ ತಿಳಿದುಕೊಳ್ಳದೆ ಓಡಾಡಿದ್ದರಿಂದ. ಆಮೇಲೆ ಧಾರವಾಡ, ಮೈಸೂರು, ಮಂಗಳೂರಿನಿಂದ ಬಂದ ಅನೇಕ ಕಿರಿಯರು ಇದೇ ಪ್ರಶ್ನೆ ಹಿಡಿದು ನನಗೆ ಫೋನ್ ಮಾಡಿದ್ದಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ನಾನು ವಕೀಲನಲ್ಲ. ಜಟಿಲವಾದ ಪ್ರಕರಣವಿದ್ದರೆ ವಲಸೆ ಕಾನೂನಿನ ವಕೀಲರ ಬಳಿ ಹೋಗಲೇಬೇಕು. ಆದರೆ ಹೋಗುವ ಮೊದಲು ನಿಮ್ಮ ಕಾಗದಗಳಲ್ಲಿ ಏನಿದೆ ಎಂಬುದು ನಿಮಗೆ ಗೊತ್ತಿರಬೇಕು.

ನಿಯಮ ಏನನ್ನು ತಡೆಯುತ್ತದೆ, ಏನನ್ನು ತಡೆಯುವುದಿಲ್ಲ

ವಿನಿಮಯ ಕಾರ್ಯಕ್ರಮದ ಮೂಲ ಆಶಯ ಸರಳ. ಬೇರೆ ದೇಶದವರು ಅಮೆರಿಕಕ್ಕೆ ಬಂದು ಕಲಿಯಬೇಕು, ಕಲಿತದ್ದನ್ನು ಊರಿಗೆ ಒಯ್ಯಬೇಕು. ಅದಕ್ಕಾಗಿ ಕೆಲವು ಜೆ-1 ವೀಸಾದಾರರು ಕಾರ್ಯಕ್ರಮ ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿ ಇರಬೇಕೆಂದು ಅಮೆರಿಕದ ವಲಸೆ ಕಾನೂನಿನ 212(ಇ) ವಿಧಿ ಹೇಳುತ್ತದೆ. ಆ ಎರಡು ವರ್ಷ ಮುಗಿಸದೆ, ವಿನಾಯಿತಿಯನ್ನೂ ಪಡೆಯದೆ ಇದ್ದರೆ ಎಚ್-1ಬಿ ಸೇರಿದಂತೆ ಎಚ್ ವರ್ಗದ ವೀಸಾ ಸಿಗುವುದಿಲ್ಲ, ಕಂಪನಿಯೊಳಗಿನ ವರ್ಗಾವಣೆಗೆ ಕೊಡುವ ಎಲ್ ವರ್ಗದ್ದೂ ಇಲ್ಲ, ಅಮೆರಿಕದ ಪ್ರಜೆಯನ್ನು ಮದುವೆಯಾಗಲು ಹೋಗುವವರಿಗೆ ಕೊಡುವ ಕೆ ವೀಸಾ ಸಿಗುವುದಿಲ್ಲ, ಗ್ರೀನ್ ಕಾರ್ಡ್ ಅಂತೂ ಇಲ್ಲವೇ ಇಲ್ಲ. ಅಮೆರಿಕದೊಳಗೇ ಇದ್ದುಕೊಂಡು ಬೇರೆ ವೀಸಾ ಸ್ಥಿತಿಗೆ ಬದಲಾಯಿಸಿಕೊಳ್ಳುವ ದಾರಿಯೂ ರಾಜತಾಂತ್ರಿಕರಂತಹ ಕೆಲವೇ ವರ್ಗಗಳನ್ನು ಬಿಟ್ಟರೆ ಮುಚ್ಚಿರುತ್ತದೆ.

ಆದರೆ ಈ ನಿಯಮ ಅಮೆರಿಕಕ್ಕೆ ಕಾಲಿಡುವುದನ್ನೇ ತಡೆಯುವುದಿಲ್ಲ. ಪ್ರವಾಸಿ ವೀಸಾದಲ್ಲಿ ಬರಬಹುದು. ಊರಿಗೆ ಹೋಗಿ ದೂತಾವಾಸದಲ್ಲಿ ಎಫ್-1 ವಿದ್ಯಾರ್ಥಿ ವೀಸಾ ಪಡೆದು ಓದಲು ಬರಬಹುದು. ಅಸಾಧಾರಣ ಸಾಧನೆ ಇರುವವರು ಒ-1 ವೀಸಾಕ್ಕೂ ಹೋಗಬಹುದು. ಅದನ್ನು ಹೊರಗಿನ ದೂತಾವಾಸದಲ್ಲಿ ಪಡೆಯಬೇಕು ಅಷ್ಟೆ. ಇವೆಲ್ಲ ತಾತ್ಕಾಲಿಕ ದಾರಿಗಳು, ಎರಡು ವರ್ಷದ ಕಟ್ಟು ಹಾಗೆಯೇ ಇರುತ್ತದೆ. ಆದರೆ ವಿನಾಯಿತಿ ತಡವಾದಾಗ ಕೆಲಸ ಕೈತಪ್ಪದಂತೆ ಒ-1 ಹಿಡಿದು ನಿಂತವರನ್ನು ನಾನು ಕಂಡಿದ್ದೇನೆ.

ಎರಡು ವರ್ಷವೆಂದರೆ ದಿನಗಳ ಲೆಕ್ಕ. ಒಂದೇ ಉಸಿರಿನಲ್ಲಿ ಮುಗಿಸಬೇಕಾಗಿಲ್ಲ, ಬಿಡಿಬಿಡಿಯಾಗಿ ಊರಿನಲ್ಲಿ ಕಳೆದ ದಿನಗಳನ್ನು ಕೂಡಿಸಬಹುದು. ಕೋವಿಡ್ ಕಾಲದಲ್ಲಿ ಶಿವಮೊಗ್ಗದಲ್ಲಿ ಸಿಲುಕಿ ಆರು ತಿಂಗಳು ಕಳೆದ ಒಬ್ಬರಿಗೆ ಆ ದಿನಗಳು ಆಮೇಲೆ ನೆರವಾದವು. ದುಬೈ, ಸಿಂಗಪುರ, ಲಂಡನ್‌ಗಳಲ್ಲಿ ಕಳೆದ ಕಾಲ ಮಾತ್ರ ಲೆಕ್ಕಕ್ಕೆ ಬರುವುದಿಲ್ಲ. ಜೆ ವೀಸಾ ಪಡೆದಾಗ ನೀವು ಯಾವ ದೇಶದ ಪ್ರಜೆಯಾಗಿದ್ದಿರೋ ಅಥವಾ ಯಾವ ದೇಶದಲ್ಲಿ ಕಾಯಂ ವಾಸದ ಹಕ್ಕು ಪಡೆದು ನೆಲೆಸಿದ್ದಿರೋ ಆ ದೇಶದಲ್ಲೇ ಇರಬೇಕು. ಹಾಗಾಗಿ ಪಾಸ್‌ಪೋರ್ಟಿನ ಪ್ರತಿಯೊಂದು ಮೊಹರಿನ ಪುಟವನ್ನೂ ಸ್ಕ್ಯಾನ್ ಮಾಡಿ ಇಡಿ. ಹಳೆಯ ಪಾಸ್‌ಪೋರ್ಟನ್ನು ಎಸೆಯಬೇಡಿ.

ಇನ್ನೊಂದು ಗೊಂದಲವನ್ನು ಇಲ್ಲೇ ಬಗೆಹರಿಸಿಬಿಡುತ್ತೇನೆ. ಸಂಶೋಧಕರಿಗೂ ಪ್ರಾಧ್ಯಾಪಕರಿಗೂ ಇಪ್ಪತ್ತನಾಲ್ಕು ತಿಂಗಳ ತಡೆ ಎಂಬ ಬೇರೊಂದು ನಿಯಮವಿದೆ. ಆ ಕಾರ್ಯಕ್ರಮ ಮುಗಿದ ಮೇಲೆ ಇಪ್ಪತ್ತನಾಲ್ಕು ತಿಂಗಳು ಮತ್ತೆ ಅದೇ ವರ್ಗದ ಜೆ-1ಕ್ಕೆ ಬರುವಂತಿಲ್ಲ ಎಂಬುದು ಅದರ ತಿರುಳು. ಎರಡೂ ‘ಎರಡು ವರ್ಷ’ವೇ ಆದ್ದರಿಂದ ಜನ ಕಲಸಿಕೊಳ್ಳುತ್ತಾರೆ. ಆ ತಡೆಗೂ 212(ಇ)ಗೂ ಸಂಬಂಧವಿಲ್ಲ. ಇಲ್ಲಿ ಹೇಳುವ ವಿನಾಯಿತಿಯಿಂದ ಆ ತಡೆ ಕಳಚುವುದೂ ಇಲ್ಲ.

ಮೊದಲ ಹೆಜ್ಜೆ: ಹಗ್ಗವನ್ನು ಯಾವ ಗೂಟಕ್ಕೆ ಕಟ್ಟಿದ್ದಾರೆ?

ಎಲ್ಲಕ್ಕಿಂತ ಹೆಚ್ಚು ಸಮಯವನ್ನು ಕೊಡಬೇಕಾದ ಹೆಜ್ಜೆ ಇದು. ಡಿಎಸ್-2019 ಕಾಗದವನ್ನು ಮೇಜಿನ ಮೇಲೆ ಬಿಡಿಸಿಡಿ. ಕೆಳಗೆ ಎಡಮೂಲೆಯಲ್ಲಿ ಒಂದು ಪುಟ್ಟ ಚೌಕವಿದೆ, ಅಲ್ಲಿ ದೂತಾವಾಸದ ಅಧಿಕಾರಿ ಗುರುತು ಹಾಕಿರುತ್ತಾರೆ. ನಿಯಮ ಅನ್ವಯಿಸುವುದಿಲ್ಲ ಎಂಬುದಕ್ಕೆ ಒಂದು ಗುರುತು. ಅನ್ವಯಿಸುತ್ತದೆ ಎಂದಾದರೆ ಏಕೆ ಎಂಬುದಕ್ಕೆ ಮೂರು ಆಯ್ಕೆಗಳು: ಸರ್ಕಾರದ ಹಣ, ಕೌಶಲ್ಯ ಪಟ್ಟಿ, ವೈದ್ಯಕೀಯ ತರಬೇತಿ. ಈ ಮೂರೇ ಗೂಟಗಳು. ಒಬ್ಬರಿಗೆ ಒಂದಕ್ಕಿಂತ ಹೆಚ್ಚು ಗೂಟಗಳಿರಬಹುದು.

ಕೌಶಲ್ಯ ಪಟ್ಟಿಯದು ಈಗ ನಮ್ಮ ಮಟ್ಟಿಗೆ ಸಂತೋಷದ ಸುದ್ದಿ. ಯಾವ ದೇಶಕ್ಕೆ ಯಾವ ವಿದ್ಯೆಯವರು ತುರ್ತಾಗಿ ಬೇಕು ಎಂದು ಅಮೆರಿಕದ ವಿದೇಶಾಂಗ ಇಲಾಖೆ ಇಟ್ಟುಕೊಂಡ ಪಟ್ಟಿ ಅದು. 2009ರ ಪಟ್ಟಿಯಲ್ಲಿ ಭಾರತವಿತ್ತು. ಎಂಜಿನಿಯರಿಂಗ್, ಜೀವವಿಜ್ಞಾನ ಎಂದು ಬಹಳಷ್ಟು ಕ್ಷೇತ್ರದವರು ಅದರಲ್ಲಿ ಸಿಕ್ಕಿಕೊಳ್ಳುತ್ತಿದ್ದರು. 2024ರ ಡಿಸೆಂಬರ್ 9ರಂದು ಜಾರಿಗೆ ಬಂದ ಹೊಸ ಪಟ್ಟಿಯಲ್ಲಿ ಭಾರತದ ಹೆಸರಿಲ್ಲ. ಅದಕ್ಕಿಂತ ಮುಖ್ಯ ಸಂಗತಿಯೆಂದರೆ, ಇದು ಹಿಂದೆ ಬಂದವರಿಗೂ ಅನ್ವಯಿಸುತ್ತದೆ. 2015ರಲ್ಲೋ 2019ರಲ್ಲೋ ಜೆ-1 ಪಡೆದು, ಕೇವಲ ಕೌಶಲ್ಯ ಪಟ್ಟಿಯ ಕಾರಣಕ್ಕೆ ಕಟ್ಟು ಬಿದ್ದಿದ್ದ ಭಾರತೀಯರಿಗೆ ಈಗ ಆ ಕಟ್ಟಿಲ್ಲ. ವೀಸಾದ ಮೇಲೆ ಹಳೆಯ ಸಾಲು ಹಾಗೆಯೇ ಇದ್ದರೂ ಅವರು ವಿನಾಯಿತಿಗೆ ಅರ್ಜಿ ಹಾಕಬೇಕಾಗಿಲ್ಲ. ಈಚೆಗೆ ಫೋನ್ ಮಾಡಿದ ಕಲಬುರಗಿಯ ಒಬ್ಬ ತರುಣಿ ಆಗಲೇ ಶುಲ್ಕ ಕಟ್ಟಲು ಚೆಕ್ ಬರೆದಿಟ್ಟಿದ್ದರು. ಆಕೆಯ ಡಿಎಸ್-2019ರ ಮೂಲೆಯಲ್ಲಿದ್ದದ್ದು ಕೌಶಲ್ಯ ಪಟ್ಟಿಯ ಗುರುತು ಮಾತ್ರ. ಚೆಕ್ಕನ್ನು ಹರಿದುಹಾಕಿದರು.

ಸರ್ಕಾರದ ಹಣ ಎಂಬ ಗೂಟವನ್ನು ನಿಧಾನವಾಗಿ ನೋಡಬೇಕು. ಡಿಎಸ್-2019ರ ಐದನೆಯ ಭಾಗದಲ್ಲಿ ನಿಮ್ಮ ಖರ್ಚಿನ ಹಣ ಎಲ್ಲಿಂದ ಬರುತ್ತದೆ ಎಂಬ ವಿವರವಿರುತ್ತದೆ. ಅಮೆರಿಕ ಸರ್ಕಾರದ ಅಥವಾ ಭಾರತ ಸರ್ಕಾರದ ಹಣ ಈ ಕಾರ್ಯಕ್ರಮಕ್ಕಾಗಿ ನೇರವಾಗಿ ನಿಮಗೆ ಬಂದಿದ್ದರೆ, ಸ್ವಲ್ಪವೇ ಆಗಿದ್ದರೂ, ನಿಯಮ ತಗುಲುತ್ತದೆ. ವಿನಿಮಯ ಕಾರ್ಯಕ್ರಮಗಳ ಪೋಷಣೆಗೆಂದೇ ಸರ್ಕಾರ ಒಂದು ಸಂಸ್ಥೆಗೆ ಕೊಟ್ಟ ಹಣದಿಂದ ನಿಮಗೆ ವೇತನ ಬಂದಿದ್ದರೂ ತಗುಲುತ್ತದೆ. ಫುಲ್‌ಬ್ರೈಟ್-ನೆಹರು ಫೆಲೋಶಿಪ್ ಇದಕ್ಕೆ ಸ್ಪಷ್ಟ ಉದಾಹರಣೆ. ಭಾರತ ಸರ್ಕಾರದ ಇಲಾಖೆಗಳು ಕೊಡುವ ಸಾಗರೋತ್ತರ ಸಂಶೋಧನಾ ಫೆಲೋಶಿಪ್‌ಗಳೂ ಹಾಗೆಯೇ, ನನ್ನದು ಅಂಥದ್ದೇ ಆಗಿತ್ತು. ಆದರೆ ನಿಮ್ಮ ಪ್ರಾಧ್ಯಾಪಕರಿಗೆ ಸಂಶೋಧನೆಗೆ ಹಣ ಕೊಡುವ ಅಮೆರಿಕ ಸರ್ಕಾರದ ಸಂಸ್ಥೆಗಳಾದ ಎನ್‌ಐಎಚ್‌ನಿಂದಲೋ ಎನ್‌ಎಸ್‌ಎಫ್‌ನಿಂದಲೋ ಸಂಶೋಧನಾ ಅನುದಾನ ಬಂದು, ವಿಶ್ವವಿದ್ಯಾಲಯ ಅದರಿಂದ ನಿಮಗೆ ಸಂಬಳ ಕೊಡುತ್ತಿದ್ದರೆ ಅದು ಬೇರೆ. ಆ ಹಣ ಸಂಶೋಧನೆಗೆ ಕೊಟ್ಟದ್ದು, ವಿನಿಮಯಕ್ಕಲ್ಲ. ಅಂಥವರಿಗೆ ಸಾಮಾನ್ಯವಾಗಿ ಈ ಗೂಟವಿಲ್ಲ. ಈ ಒಂದು ವ್ಯತ್ಯಾಸ ತಿಳಿಯದೆ ತಾವು ಕಟ್ಟಿಗೆ ಬಿದ್ದಿದ್ದೇವೆಂದು ವರ್ಷಗಟ್ಟಲೆ ನಂಬಿಕೊಂಡವರಿದ್ದಾರೆ.

ಮೂರನೆಯದು ವೈದ್ಯರದು. 1977ರ ಜನವರಿ 10ರಿಂದೀಚೆಗೆ ರೆಸಿಡೆನ್ಸಿ ಅಥವಾ ಫೆಲೋಶಿಪ್ ಎಂಬ ಆಸ್ಪತ್ರೆಯ ಉನ್ನತ ತರಬೇತಿಗೆಂದು ಜೆ-1ರಲ್ಲಿ ಬಂದ ಎಲ್ಲ ವಿದೇಶಿ ವೈದ್ಯರಿಗೂ ನಿಯಮ ಅನ್ವಯಿಸುತ್ತದೆ. ಹಣ ಯಾರದೇ ಆಗಿರಲಿ, ಪಟ್ಟಿಯಲ್ಲಿ ದೇಶ ಇರಲಿ ಇಲ್ಲದಿರಲಿ. ಎಂಬಿಬಿಎಸ್ ಓದಿದ್ದರೂ ರೋಗಿಗಳನ್ನು ಮುಟ್ಟದೆ ಬರೀ ಸಂಶೋಧನೆಗೆ ಬಂದವರು ಈ ಗುಂಪಿಗೆ ಸೇರುವುದಿಲ್ಲ.

ಮೂಲೆಯ ಚೌಕದ ಗುರುತು ಪ್ರಾಥಮಿಕ ಅಭಿಪ್ರಾಯ ಮಾತ್ರ, ಅದು ತಪ್ಪಿರಬಹುದು. ವೀಸಾದ ಮೇಲೊಂದು, ಡಿಎಸ್-2019ರ ಮೇಲೊಂದು ಇರುವ ಪ್ರಕರಣಗಳನ್ನೂ ನೋಡಿದ್ದೇನೆ. ಸಂದೇಹವಿದ್ದರೆ ವಿದೇಶಾಂಗ ಇಲಾಖೆಯ ವಿನಾಯಿತಿ ಪರಿಶೀಲನಾ ವಿಭಾಗಕ್ಕೆ ಬರೆದು ಸಲಹಾ ಅಭಿಪ್ರಾಯ ಕೇಳಿ. ಇದಕ್ಕೆ ಶುಲ್ಕವಿಲ್ಲ. ಈವರೆಗೆ ಸಿಕ್ಕ ಎಲ್ಲ ಡಿಎಸ್-2019 ಕಾಗದಗಳ ನಕಲನ್ನೂ ಕಳಿಸಬೇಕು. ‘ಎಲ್ಲ’ ಎಂಬ ಮಾತಿಗೆ ಒತ್ತು ಕೊಟ್ಟು ಹೇಳುತ್ತಿದ್ದೇನೆ: ಹತ್ತು ವರ್ಷದ ಹಿಂದೆ ಎರಡು ತಿಂಗಳ ಬೇಸಿಗೆ ತರಬೇತಿಗೆ ಸರ್ಕಾರದ ಹಣದಲ್ಲಿ ಹೋಗಿ ಬಂದಿದ್ದರೂ ಆ ಕಟ್ಟು ಈಗಿನ ಜೆ-1ರಲ್ಲಿ ಕರಗಿಹೋಗುವುದಿಲ್ಲ.

ಎರಡನೆಯ ಹೆಜ್ಜೆ: ಐದು ಬಾಗಿಲುಗಳಲ್ಲಿ ನಿಮ್ಮದು ಯಾವುದು

ನಿಯಮ ನಿಜಕ್ಕೂ ಅನ್ವಯಿಸುತ್ತದೆ ಎಂದು ಖಚಿತವಾದ ಮೇಲೆ ವಿನಾಯಿತಿಯ ಆಧಾರವನ್ನು ಆರಿಸಬೇಕು. ತಾಯ್ನಾಡಿನ ಸರ್ಕಾರದ ಅಭ್ಯಂತರವಿಲ್ಲ ಎಂಬ ಪತ್ರ, ಅಮೆರಿಕದ ಒಕ್ಕೂಟ ಸರ್ಕಾರದ ಇಲಾಖೆಯೊಂದರ ಕೋರಿಕೆ, ಕಿರುಕುಳದ ಭಯ, ಅಮೆರಿಕದ ಪ್ರಜೆಯೋ ಗ್ರೀನ್ ಕಾರ್ಡ್‌ದಾರರೋ ಆದ ಗಂಡ, ಹೆಂಡತಿ ಅಥವಾ ಮಗುವಿಗೆ ಆಗುವ ಅಸಾಧಾರಣ ಕಷ್ಟ, ವೈದ್ಯರಿಗೆ ಮಾತ್ರ ಇರುವ ರಾಜ್ಯ ಆರೋಗ್ಯ ಇಲಾಖೆಯ ದಾರಿ. ಒಂದು ಅರ್ಜಿಯಲ್ಲಿ ಒಂದೇ ಆಧಾರ.

ಸಂಶೋಧಕರಿಗೂ ಅಧ್ಯಾಪಕರಿಗೂ ಮೊದಲನೆಯದೇ ರಾಜಮಾರ್ಗ, ಅದನ್ನೇ ಇಲ್ಲಿ ವಿವರವಾಗಿ ಹೇಳುತ್ತೇನೆ. ಆದರೆ ಎರಡು ಎಚ್ಚರಿಕೆಗಳಿವೆ. ತರಬೇತಿಗೆ ಬಂದ ವೈದ್ಯರಿಗೆ ಈ ಬಾಗಿಲು ಕಾನೂನಿನಲ್ಲೇ ಮುಚ್ಚಿದೆ. ಅಮೆರಿಕ ಸರ್ಕಾರದ ಹಣ ಪಡೆದವರಿಗೆ, ಅದರಲ್ಲೂ ಫುಲ್‌ಬ್ರೈಟ್ ಫೆಲೋಗಳಿಗೆ, ಬಾಗಿಲು ತೆರೆದಂತೆ ಕಂಡರೂ ಒಳಗೆ ಬಿಡುವುದು ಬಹಳ ಅಪರೂಪ. ಭಾರತ ಅಭ್ಯಂತರವಿಲ್ಲ ಎಂದರೂ ಹಣ ಕೊಟ್ಟ ಅಮೆರಿಕದ ಕಾರ್ಯಕ್ರಮದವರ ಅಭಿಪ್ರಾಯಕ್ಕೆ ಅಲ್ಲಿ ತೂಕ ಹೆಚ್ಚು. ಫುಲ್‌ಬ್ರೈಟ್ ಪಡೆದವರಿಗೆ ನನ್ನ ನೇರ ಸಲಹೆ: ಎರಡು ವರ್ಷ ಊರಿಗೆ ಹೋಗುವುದನ್ನೇ ಯೋಜನೆಯ ಭಾಗವಾಗಿ ಇಟ್ಟುಕೊಳ್ಳಿ.

ಮೂರನೆಯ ಹೆಜ್ಜೆ: ಡಿಎಸ್-3035

ಯಾವ ಬಾಗಿಲಾದರೂ ವಿದೇಶಾಂಗ ಇಲಾಖೆಗೆ ಸಲ್ಲಿಸುವ ಮುಖ್ಯ ಅರ್ಜಿ ಡಿಎಸ್-3035. ಇದನ್ನು ಕೈಬರಹದಲ್ಲಿ ತುಂಬುವಂತಿಲ್ಲ. ಇಲಾಖೆಯ ಜಾಲತಾಣದಲ್ಲಿ ತುಂಬಿದಾಗ ನಿಮಗೊಂದು ಪ್ರಕರಣ ಸಂಖ್ಯೆ ಸಿಗುತ್ತದೆ, ಬಾರ್‌ಕೋಡ್ ಇರುವ ಪುಟಗಳು ಮುದ್ರಣಕ್ಕೆ ಸಿದ್ಧವಾಗುತ್ತವೆ. ಸಂಖ್ಯೆ ಪಡೆಯುವುದಕ್ಕೆ ದುಡ್ಡು ಬೇಕಿಲ್ಲ. ಶುಲ್ಕ ಕೊಡಬೇಕಾದದ್ದು ಅರ್ಜಿ ಕಳಿಸುವಾಗ. ಆದ್ದರಿಂದ ಎಲ್ಲಕ್ಕಿಂತ ಮೊದಲು ಈ ಸಂಖ್ಯೆಯನ್ನು ಪಡೆದುಕೊಳ್ಳಿ. ಮುಂದೆ ಎಲ್ಲ ಕಾಗದಗಳ ಮೇಲೂ, ಭಾರತದ ರಾಯಭಾರ ಕಚೇರಿ ಕಳಿಸುವ ಪತ್ರದ ಮೇಲೂ, ಇದೇ ಸಂಖ್ಯೆ ಇರಬೇಕು.

ಅರ್ಜಿಯ ಕಟ್ಟಿನಲ್ಲಿ ಬಾರ್‌ಕೋಡ್ ಪುಟ, ಅರ್ಜಿ, 120 ಡಾಲರ್ ಶುಲ್ಕ, ಪಾಸ್‌ಪೋರ್ಟಿನ ವಿವರದ ಪುಟ, ಈವರೆಗಿನ ಎಲ್ಲ ಡಿಎಸ್-2019ಗಳ ನಕಲು, ವಿನಾಯಿತಿ ಏಕೆ ಬೇಕು ಎಂಬ ನಿಮ್ಮ ಹೇಳಿಕೆ, ನಿಮ್ಮದೇ ವಿಳಾಸ ಬರೆದು ಅಂಚೆಚೀಟಿ ಅಂಟಿಸಿದ ಎರಡು ಲಕೋಟೆ ಇರಬೇಕು. ವಕೀಲರಿದ್ದರೆ ಅವರು ನಿಮ್ಮ ಪರ ಎಂದು ತಿಳಿಸುವ ಜಿ-28 ನಮೂನೆ ಕೂಡ. ಇದು ಹೋಗಬೇಕಾದದ್ದು ಮಿಸೌರಿ ರಾಜ್ಯದ ಸೇಂಟ್ ಲೂಯಿಸ್‌ನ ಅಂಚೆ ಪೆಟ್ಟಿಗೆಗೆ. ಮುದ್ರಿತ ಸೂಚನೆಯ ಪುಟದಲ್ಲಿ ವಿಳಾಸವಿರುತ್ತದೆ, ಅದರಂತೆಯೇ ಬರೆಯಿರಿ. ಶುಲ್ಕ ಮರಳಿ ಬರುವುದಿಲ್ಲ.

ಹೇಳಿಕೆಯನ್ನು ಬರೆಯುವಾಗ ಅನೇಕರು ಎಡವುತ್ತಾರೆ. ಕಿರಿಯರೊಬ್ಬರು ಮೂರು ಪುಟ ಬರೆದಿದ್ದರು. ಮೊದಲ ಪುಟ ತುಂಬ ಅಮೆರಿಕದ ಬಗ್ಗೆ ಅಭಿಮಾನ, ಎರಡನೆಯದರಲ್ಲಿ ಊರಿನಲ್ಲಿ ಸೌಲಭ್ಯವಿಲ್ಲ ಎಂಬ ದೂರು. ಅದನ್ನು ಒಂದು ಪುಟಕ್ಕೆ ಇಳಿಸಿದೆವು: ಇಂಥ ದಿನ ಇಂಥ ಕಾರ್ಯಕ್ರಮದಲ್ಲಿ ಬಂದೆ, ಇಂಥ ಕಡೆಯಿಂದ ಇಷ್ಟು ಹಣ ಪಡೆದೆ, ಇಂಥ ವಿಷಯದಲ್ಲಿ ಕೆಲಸ ಮಾಡುತ್ತಿದ್ದೇನೆ, ಈ ಕೆಲಸ ಮುಗಿಯಲು ಇನ್ನಿಷ್ಟು ಕಾಲ ಬೇಕು, ವಿಶ್ವವಿದ್ಯಾಲಯ ಇಂಥ ಹುದ್ದೆ ಕೊಡಲು ಮುಂದೆ ಬಂದಿದೆ, ಭಾರತಕ್ಕೆ ನನ್ನಿಂದ ಯಾವ ಬಾಕಿಯೂ ಇಲ್ಲ. ಊರನ್ನು ಹೀಗಳೆಯುವ ಅಗತ್ಯ ಎಲ್ಲೂ ಬರುವುದಿಲ್ಲ. ಹಣದ ವಿವರವನ್ನು ಮಾತ್ರ ಮುಚ್ಚಿಡಬೇಡಿ. ಅದು ಅವರ ಕಡತದಲ್ಲಿ ಈಗಾಗಲೇ ಇರುತ್ತದೆ.

ನಾಲ್ಕನೆಯ ಹೆಜ್ಜೆ: ನೋರಿ

ಭಾರತದ ಕಡೆಯ ಕೆಲಸಕ್ಕೆ ನೋರಿ ಎಂದು ಹೆಸರು. ‘ಭಾರತಕ್ಕೆ ಮರಳುವ ಬಾಧ್ಯತೆ ಇಲ್ಲ’ ಎಂಬುದರ ಇಂಗ್ಲಿಷ್ ಮಾತಿನ ಮೊದಲಕ್ಷರಗಳು ಅವು. ಅಮೆರಿಕದ ಕಡೆಯ ಕಾಗದ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ತಿಂಗಳುಗಳು ಹಿಡಿಯುವುದು ಇಲ್ಲಿಯೇ. ಈ ವ್ಯಕ್ತಿ ಹೊರಗೇ ಉಳಿದರೆ ತಮಗೆ ಅಭ್ಯಂತರವಿಲ್ಲ ಎಂದು ಮೂರು ಕಡೆಯವರು ಹೇಳಬೇಕು: ನೀವು ಯಾವ ರಾಜ್ಯದವರೋ ಆ ರಾಜ್ಯ ಸರ್ಕಾರ, ನಿಮ್ಮ ಪಾಸ್‌ಪೋರ್ಟ್ ಕಚೇರಿ, ದೆಹಲಿಯ ಶಿಕ್ಷಣ ಸಚಿವಾಲಯದ ಉನ್ನತ ಶಿಕ್ಷಣ ಇಲಾಖೆ. ಇವೆಲ್ಲ ಆದ ಮೇಲೆ ವಾಷಿಂಗ್ಟನ್‌ನ ಭಾರತೀಯ ರಾಯಭಾರ ಕಚೇರಿ ಅಭ್ಯಂತರವಿಲ್ಲ ಎಂಬ ಪತ್ರವನ್ನು ನೇರವಾಗಿ ಅಮೆರಿಕದ ವಿದೇಶಾಂಗ ಇಲಾಖೆಗೆ ಕಳಿಸುತ್ತದೆ. ಪತ್ರವನ್ನು ನೀವೇ ಕೈಯಲ್ಲಿ ಹಿಡಿದುಕೊಂಡು ಹೋಗಿ ಕೊಟ್ಟರೆ ಅದಕ್ಕೆ ಬೆಲೆಯಿಲ್ಲ.

ಹಿಂದೆ ಇದಕ್ಕಾಗಿ ಅಪ್ಪನೋ ಅಣ್ಣನೋ ವಿಧಾನಸೌಧದ ಸುತ್ತಮುತ್ತಲಿನ ಕಚೇರಿಗಳಿಗೂ ಕೋರಮಂಗಲದ ಪಾಸ್‌ಪೋರ್ಟ್ ಕಚೇರಿಗೂ ಅಲೆಯಬೇಕಾಗಿತ್ತು. ಈಗ ಶಿಕ್ಷಣ ಸಚಿವಾಲಯದ ನೋರಿ ಜಾಲತಾಣದಲ್ಲಿ ಅರ್ಜಿ ಸಲ್ಲಿಸುವ ವ್ಯವಸ್ಥೆಯಿದೆ. ಹಾಗೆಂದು ಊರಿನಲ್ಲಿ ಒಬ್ಬರೂ ಬೇಡ ಎಂದುಕೊಳ್ಳಬೇಡಿ. ರಾಜ್ಯದ ಹಂತದಲ್ಲಿ ಕಡತ ನಿಂತರೆ ಖುದ್ದಾಗಿ ಹೋಗಿ ವಿನಯದಿಂದ ವಿಚಾರಿಸುವ ಒಬ್ಬರು ಇದ್ದರೆ ಬಹಳ ಅನುಕೂಲ. ನನ್ನ ಕಡತ ಒಂದು ಕಚೇರಿಯಲ್ಲಿ ಎರಡೂವರೆ ತಿಂಗಳು ಅಲುಗಾಡಲಿಲ್ಲ. ನಮ್ಮ ಸೋದರಮಾವ ಹೋಗಿ ಕೇಳಿದಾಗ, ಹೆಸರು ಹೊಂದುತ್ತಿಲ್ಲವೆಂದು ಬದಿಗಿಟ್ಟಿದ್ದೇವೆ ಎಂದರಂತೆ. ಅದನ್ನು ನನಗೆ ತಿಳಿಸಿದವರು ಯಾರೂ ಇರಲಿಲ್ಲ.

ಹೆಸರಿನ ವಿಷಯ ಕನ್ನಡಿಗರಿಗೆ ವಿಶೇಷವಾಗಿ ಕಾಡುತ್ತದೆ. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರೇ ಇಲ್ಲ, ಊರಿನ ಹೆಸರಿನದೊಂದು ಅಕ್ಷರ, ಅಪ್ಪನ ಹೆಸರಿನದೊಂದು ಅಕ್ಷರ, ಆಮೇಲೆ ನಮ್ಮ ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಸಿದ್ದಲಿಂಗಪ್ಪ ಎಚ್.ಬಿ.’ ಎಂದಿರುತ್ತದೆ, ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಬಿಟ್ಟು ‘ಸಿದ್ದಲಿಂಗಪ್ಪ’ ಎಂದಷ್ಟೇ ಇರುತ್ತದೆ. ಅಮೆರಿಕದ ವೀಸಾಕ್ಕೆ ಬಂದಾಗ ಆ ಹೆಸರು ಮನೆತನದ ಜಾಗಕ್ಕೆ ಜಿಗಿದು, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬೀಳುತ್ತದೆ. ಮೊದಲ ಹೆಸರು ತಿಳಿಯದು ಎಂದು ಅದರ ಅರ್ಥ. ಈಗ ಮೂರು ಕಾಗದ, ಮೂರು ಹೆಸರು. ಪರಿಹಾರ ಇಷ್ಟೆ: ಅಮೆರಿಕದ ಅರ್ಜಿಯಲ್ಲಿ ಡಿಎಸ್-2019ರಲ್ಲಿ ಇರುವಂತೆಯೇ ಅಕ್ಷರಕ್ಕಕ್ಷರ ಬರೆಯಿರಿ, ಭಾರತದ ಅರ್ಜಿಯಲ್ಲಿ ಪಾಸ್‌ಪೋರ್ಟಿನಲ್ಲಿ ಇರುವಂತೆ ಬರೆಯಿರಿ, ಈ ಎಲ್ಲ ಹೆಸರುಗಳೂ ಒಬ್ಬರವೇ ಎಂಬ ಅಫಿಡವಿಟ್ಟನ್ನು ಕೇಳುವ ಮೊದಲೇ ಮಾಡಿಸಿ ಎರಡೂ ಕಡೆಗೆ ಲಗತ್ತಿಸಿ. ಮದುವೆಯ ನಂತರ ಹೆಸರು ಬದಲಾಯಿಸಿಕೊಂಡವರು ಮದುವೆ ನೋಂದಣಿ ಪತ್ರವನ್ನೂ ಸೇರಿಸಬೇಕು.

ವಿಳಾಸವೂ ಹೀಗೆಯೇ. ಪಾಸ್‌ಪೋರ್ಟ್ ಬೆಂಗಳೂರಿನಲ್ಲಿ ಆದದ್ದು, ಕಾಯಂ ವಿಳಾಸ ಹಾವೇರಿಯದು ಎಂದರೆ ತೊಂದರೆಯಿಲ್ಲ, ರಾಜ್ಯ ಒಂದೇ. ಆದರೆ ಹೈದರಾಬಾದಿನಲ್ಲೋ ಪುಣೆಯಲ್ಲೋ ಓದುವಾಗ ಅಲ್ಲೇ ಪಾಸ್‌ಪೋರ್ಟ್ ಮಾಡಿಸಿದ್ದರೆ ಯಾವ ರಾಜ್ಯದ ಒಪ್ಪಿಗೆ ಬೇಕು ಎಂಬ ಪ್ರಶ್ನೆ ಏಳುತ್ತದೆ. ಅರ್ಜಿ ಹಾಕುವ ಮೊದಲೇ ನಿಮ್ಮ ಪ್ರದೇಶದ ಭಾರತೀಯ ಕಾನ್ಸುಲೇಟಿಗೆ ಬರೆದು ಲಿಖಿತ ಉತ್ತರ ಪಡೆದುಕೊಳ್ಳಿ.

ಭಾರತ ಸರ್ಕಾರದ ಫೆಲೋಶಿಪ್‌ನಲ್ಲಿ ಬಂದವರು ಬಾಂಡ್ ಬರೆದುಕೊಟ್ಟಿದ್ದರೆ, ಅದರ ಷರತ್ತನ್ನು ಪೂರೈಸಿ ಅಥವಾ ಹಣ ಕಟ್ಟಿ ಮುಕ್ತರಾದ ಪತ್ರವನ್ನು ಮೊದಲು ತರಿಸಿಕೊಳ್ಳಿ. ಊರಿನ ಕಾಲೇಜಿನಲ್ಲೋ ಸಂಶೋಧನಾ ಸಂಸ್ಥೆಯಲ್ಲೋ ರಜೆ ಹಾಕಿ ಬಂದವರು ಆ ಹುದ್ದೆಯ ಸಂಗತಿಯನ್ನು ಮೊದಲು ಇತ್ಯರ್ಥಗೊಳಿಸಿ. ಮರಳುವ ಬಾಧ್ಯತೆ ಇಲ್ಲ ಎಂದು ಸರ್ಕಾರ ಬರೆದುಕೊಡಬೇಕಾದರೆ ಬಾಧ್ಯತೆ ನಿಜವಾಗಿಯೂ ಉಳಿದಿರಬಾರದು. ಇದು ನ್ಯಾಯವೂ ಹೌದು, ಆ ಹಣ ನಮ್ಮ ಜನರದು.

ಐದನೆಯ ಹೆಜ್ಜೆ: ಕಾಯುವಾಗ ಮಾಡಬಾರದ ತಪ್ಪು

ಎಲ್ಲ ಕಾಗದಗಳೂ ಸೇರಿದ ಮೇಲೆ ವಿನಾಯಿತಿ ಪರಿಶೀಲನಾ ವಿಭಾಗ ತನ್ನ ಶಿಫಾರಸನ್ನು ವಲಸೆ ಸೇವಾ ಸಂಸ್ಥೆಯಾದ ಯುಎಸ್‌ಸಿಐಎಸ್‌ಗೆ ಕಳಿಸುತ್ತದೆ, ನಿಮಗೂ ಒಂದು ಪ್ರತಿ ಬರುತ್ತದೆ. ಪ್ರಕರಣ ಸಂಖ್ಯೆ ಹಾಕಿ ಜಾಲತಾಣದಲ್ಲಿ ಸ್ಥಿತಿಯನ್ನು ನೋಡುತ್ತಿರಬಹುದು. ಯಾವ ಕಾಗದ ಬಂದಿದೆ, ಯಾವುದು ಬಂದಿಲ್ಲ ಎಂದು ಅಲ್ಲಿ ತೋರಿಸುತ್ತದೆ. ಕೊನೆಯ ಮಂಜೂರಾತಿ ಕೊಡುವುದು ಯುಎಸ್‌ಸಿಐಎಸ್. ಶಿಫಾರಸು ಅನುಕೂಲವಾಗಿದ್ದರೆ ಮಂಜೂರಾತಿ ಸಾಮಾನ್ಯವಾಗಿ ಹಿಂದೆಯೇ ಬರುತ್ತದೆ.

ಈಗ ಆ ತಪ್ಪಿನ ಮಾತು. ವಿದೇಶಾಂಗ ಇಲಾಖೆ ವಿನಾಯಿತಿಗೆ ಶಿಫಾರಸು ಮಾಡಿದ ಮೇಲೆ ನಿಮ್ಮ ಡಿಎಸ್-2019ನ್ನು ಮುಂದುವರಿಸಲು ಬರುವುದಿಲ್ಲ. ನಿಮ್ಮ ಸಂಶೋಧನೆಗೆ ಇನ್ನೂ ಎರಡು ವರ್ಷ ಜೆ-1 ಅವಕಾಶವಿದ್ದರೂ, ಕೈಯಲ್ಲಿರುವ ಡಿಎಸ್-2019ರ ಕೊನೆಯ ದಿನಾಂಕವೇ ಅಂತಿಮ. ಆಮೇಲೆ ಮೂವತ್ತು ದಿನಗಳ ಹೊರಡುವ ಅವಧಿ, ಅಷ್ಟೆ. ಹಾಗಾಗಿ ವಿನಾಯಿತಿಯ ಅರ್ಜಿ ಹಾಕುವ ಮೊದಲು ಡಿಎಸ್-2019ನ್ನು ಸಾಧ್ಯವಾದಷ್ಟು ದೂರದ ದಿನಾಂಕದವರೆಗೆ ಮುಂದುವರಿಸಿಕೊಳ್ಳಿ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರಿಗೆ ಶಿಫಾರಸು ಬಂದಾಗ ಡಿಎಸ್-2019 ಮುಗಿಯಲು ಐದು ವಾರವಿತ್ತು. ಎಚ್-1ಬಿ ಅರ್ಜಿ ಇನ್ನೂ ಸಿದ್ಧವಾಗಿರಲಿಲ್ಲ. ಆ ಐದು ವಾರ ಅವರ ಮನೆಯಲ್ಲಿ ಯಾರೂ ನೆಮ್ಮದಿಯಿಂದ ಮಲಗಲಿಲ್ಲ.

ಎಚ್-1ಬಿ ಲಾಟರಿಗೆ ಒಳಪಡುವ ಕಂಪನಿಗಳ ಕೆಲಸವಾದರೆ ಲೆಕ್ಕ ಇನ್ನೂ ಬಿಗಿ. ನೋಂದಣಿ ಮಾರ್ಚ್‌ನಲ್ಲಿ, ಕೆಲಸ ಶುರುವಾಗುವುದು ಅಕ್ಟೋಬರ್ 1ಕ್ಕೆ. ವಿಶ್ವವಿದ್ಯಾಲಯಗಳಿಗೆ ಲಾಟರಿ ಇಲ್ಲ. ಯಾವುದೇ ಆಗಲಿ, ಬೇಕಾದ ದಿನದಿಂದ ಹಿಂದಕ್ಕೆ ಒಂದು ವರ್ಷ ಎಣಿಸಿ ಆ ದಿನ ನೋರಿ ಶುರುಮಾಡಿ. ಶಿಫಾರಸು ಬಂದ ಮೇಲೆ ಹೊಸದಾಗಿ ಜೆ-1 ವೀಸಾ ಮೊಹರು ಹಾಕಿಸಲು ಊರಿಗೆ ಹೋಗುವ ಸಾಹಸವನ್ನೂ ಮಾಡಬೇಡಿ, ದೂತಾವಾಸದಲ್ಲಿ ಪ್ರಶ್ನೆಗಳು ಏಳುತ್ತವೆ. ಹಬ್ಬವೋ ಮದುವೆಯೋ ಇದ್ದರೆ ಅದಕ್ಕೆ ಮೊದಲೇ ಹೋಗಿ ಬನ್ನಿ.

ವೈದ್ಯರಿಗೆ: ಕಾನ್ರಾಡ್ 30

ಮೈಸೂರು, ಹುಬ್ಬಳ್ಳಿ, ಬೆಂಗಳೂರಿನ ಕಾಲೇಜುಗಳಲ್ಲಿ ಎಂಬಿಬಿಎಸ್ ಮುಗಿಸಿ ಅಮೆರಿಕದಲ್ಲಿ ರೆಸಿಡೆನ್ಸಿ ಮಾಡುವವರ ದಾರಿ ಪೂರ್ತಿ ಬೇರೆ. ನಾರ್ತ್ ಡಕೋಟಾದ ಸೆನೆಟರ್ ಕೆಂಟ್ ಕಾನ್ರಾಡ್ ಅವರ ಹೆಸರಿನ ಈ ಯೋಜನೆ 1994ರಲ್ಲಿ ಬಂತು. ಹಳ್ಳಿಗಾಡಿನಲ್ಲಿ ವೈದ್ಯರಿಲ್ಲ ಎಂಬುದು ಅಲ್ಲಿನ ಕಷ್ಟವೂ ಹೌದು. ಮೊದಲು ಪ್ರತಿ ರಾಜ್ಯಕ್ಕೆ ವರ್ಷಕ್ಕೆ 20 ಸ್ಥಾನಗಳಿದ್ದವು, ಆಮೇಲೆ 30 ಆದವು. ವೈದ್ಯರ ಕೊರತೆ ಇರುವ ಪ್ರದೇಶವೆಂದು ಸರ್ಕಾರ ಗುರುತಿಸಿದ ಕಡೆ ವಾರಕ್ಕೆ 40 ಗಂಟೆಯಂತೆ ಮೂರು ವರ್ಷ ಕೆಲಸ ಮಾಡುವುದಾಗಿ ಒಪ್ಪಿಕೊಂಡರೆ ಆ ರಾಜ್ಯದ ಆರೋಗ್ಯ ಇಲಾಖೆ ನಿಮ್ಮ ಪರವಾಗಿ ವಿನಾಯಿತಿ ಕೋರುತ್ತದೆ. 30ರಲ್ಲಿ 10 ಸ್ಥಾನಗಳನ್ನು ಕೊರತೆಯ ಪ್ರದೇಶದ ಹೊರಗಿದ್ದರೂ ಅಲ್ಲಿನ ರೋಗಿಗಳನ್ನು ನೋಡುವ ಆಸ್ಪತ್ರೆಗಳಿಗೆ ಕೊಡಬಹುದು. ದೊಡ್ಡ ಊರಿನ ತಜ್ಞವೈದ್ಯರಿಗೆ ಅದೇ ಆಸರೆ.

ಸ್ಥಾನಗಳ ವರ್ಷ ಶುರುವಾಗುವುದು ಅಕ್ಟೋಬರ್ 1ಕ್ಕೆ. ಪ್ರತಿ ರಾಜ್ಯಕ್ಕೂ ತನ್ನದೇ ನಿಯಮ, ತನ್ನದೇ ದಿನಾಂಕ, ಬೇಡಿಕೆಯ ರಾಜ್ಯಗಳಲ್ಲಿ ಸ್ಥಾನಗಳು ಬೇಗ ತುಂಬುತ್ತವೆ. ತರಬೇತಿ ಮುಗಿಯುವ ವರ್ಷದ ಹಿಂದಿನ ಬೇಸಿಗೆಯಲ್ಲೇ ಕೆಲಸ ಹುಡುಕಿ ಒಪ್ಪಂದ ಕೈಯಲ್ಲಿಟ್ಟುಕೊಳ್ಳಬೇಕು. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಪ್ರತಿ ಸಾಲನ್ನೂ ಓದಿ: ಕೆಲಸ ಬಿಟ್ಟ ಮೇಲೆ ಹತ್ತಿರದಲ್ಲಿ ವೃತ್ತಿ ನಡೆಸಬಾರದು ಎಂಬ ಷರತ್ತು ಅದರಲ್ಲಿ ಇರಬಾರದು. ವಿನಾಯಿತಿ ಸಿಕ್ಕ 90 ದಿನಗಳೊಳಗೆ ಕೆಲಸ ಆರಂಭಿಸಬೇಕು. ಈ ವೈದ್ಯರ ಎಚ್-1ಬಿಗೆ ವಾರ್ಷಿಕ ಮಿತಿ ಇಲ್ಲ. ಮೂರು ವರ್ಷ ಪೂರೈಸದೆ ಬಿಟ್ಟರೆ ಎರಡು ವರ್ಷದ ಕಟ್ಟು ಮತ್ತೆ ಬಂದು ಕೂರುತ್ತದೆ. ಮಾಲೀಕರು ಕಾಡಿದರೂ ಸುಮ್ಮನೆ ಹೊರನಡೆಯಬೇಡಿ, ಬೇರೆ ಕಡೆಗೆ ವರ್ಗವಾಗಲು ಕಾನೂನು ಅವಕಾಶ ಕೊಡುವ ಸಂದರ್ಭಗಳಿವೆ, ವಕೀಲರನ್ನು ಕಂಡು ಆ ದಾರಿ ಹಿಡಿಯಿರಿ.

ಕಾನ್ರಾಡ್ ಸಿಗದವರಿಗೆ ಮಾಜಿ ಯೋಧರ ಆಸ್ಪತ್ರೆಗಳು, ಅಪಲೇಷಿಯನ್ ಪ್ರದೇಶದ ಆಯೋಗ, ಮಿಸಿಸಿಪ್ಪಿ ಡೆಲ್ಟಾ ಭಾಗದ ಪ್ರಾಧಿಕಾರ, ಒಕ್ಕೂಟ ಆರೋಗ್ಯ ಇಲಾಖೆ ಇವುಗಳ ಮೂಲಕ ಕೇಳುವ ಅವಕಾಶವಿದೆ.

ಉಳಿದ ಬಾಗಿಲುಗಳು

ಸಂಶೋಧಕರ ವಿಷಯದಲ್ಲಿ ಒಕ್ಕೂಟ ಸರ್ಕಾರದ ಇಲಾಖೆಯೊಂದು ‘ಈ ವ್ಯಕ್ತಿ ಹೋದರೆ ನಮ್ಮ ಯೋಜನೆಗೆ ನಷ್ಟ’ ಎಂದು ಸ್ವತಃ ಕೋರಬೇಕು. ಅದನ್ನು ನೀವು ಕೇಳಿ ಪಡೆಯುವುದಕ್ಕಿಂತ ನಿಮ್ಮ ಪ್ರಯೋಗಾಲಯದ ಮುಖ್ಯಸ್ಥರು ಕೇಳುವಂತಿರಬೇಕು.

ಕಷ್ಟದ ಆಧಾರದ ಬಗ್ಗೆ ತಪ್ಪು ನಂಬಿಕೆಗಳು ಬಹಳ. ಅಮೆರಿಕದ ಪ್ರಜೆಯನ್ನು ಮದುವೆಯಾದ ಮಾತ್ರಕ್ಕೆ ಕಟ್ಟು ಬಿಚ್ಚುವುದಿಲ್ಲ. ಅಲ್ಲಿ ಮಗು ಹುಟ್ಟಿದ ಮಾತ್ರಕ್ಕೂ ಇಲ್ಲ. ಆ ಸಂಗಾತಿಯೋ ಮಗುವೋ ನಿಮ್ಮೊಡನೆ ಭಾರತಕ್ಕೆ ಬಂದರೂ ಅಸಾಧಾರಣ ಕಷ್ಟ, ನಿಮ್ಮನ್ನು ಬಿಟ್ಟು ಅಲ್ಲೇ ಉಳಿದರೂ ಅಸಾಧಾರಣ ಕಷ್ಟ ಎಂದು ಎರಡನ್ನೂ ಸಾಬೀತುಪಡಿಸಬೇಕು. ಬರೀ ಅಗಲಿಕೆಯ ನೋವು ಸಾಲದು. ಮಗುವಿನ ಚಿಕಿತ್ಸೆಯ ದಾಖಲೆಗಳು, ವೈದ್ಯರ ಪತ್ರಗಳು, ಆದಾಯ ಮತ್ತು ಸಾಲದ ಲೆಕ್ಕ ಇವು ಮಾತಾಡಬೇಕು. ಇದಕ್ಕೆ ಐ-612 ಎಂಬ ಅರ್ಜಿಯನ್ನು ಸಾವಿರ ಡಾಲರ್ ಮೀರಿದ ಶುಲ್ಕದೊಂದಿಗೆ ಯುಎಸ್‌ಸಿಐಎಸ್‌ಗೆ ಸಲ್ಲಿಸಬೇಕು. ಇಲ್ಲಿ ವಕೀಲರಿಲ್ಲದೆ ಇಳಿಯಬೇಡಿ. ಈ ದಾರಿಯಲ್ಲಿ ವಿನಾಯಿತಿ ಪಡೆದ ರೆಸಿಡೆನ್ಸಿ ವೈದ್ಯರು ಎಚ್-1ಬಿಗಾಗಿ ಒಮ್ಮೆ ದೇಶದ ಹೊರಗೆ ಹೋಗಿ ವೀಸಾ ತರಬೇಕಾಗುತ್ತದೆ ಎಂಬುದೂ ನೆನಪಿರಲಿ.

ಕಿರುಕುಳದ ಆಧಾರಕ್ಕೂ ಅದೇ ಐ-612. ಜನಾಂಗ, ಧರ್ಮ, ರಾಜಕೀಯ ಅಭಿಪ್ರಾಯ ಈ ಮೂರರ ಕಾರಣಕ್ಕೆ ಮಾತ್ರ.

ಗಂಡ, ಹೆಂಡತಿ, ಮಕ್ಕಳು

ಜೆ-1ಕ್ಕೆ ಇರುವ ಕಟ್ಟು, ಅವರ ಕುಟುಂಬದವರಿಗೆ ಕೊಡುವ ಜೆ-2 ವೀಸಾದಲ್ಲಿ ಬಂದವರಿಗೂ ಇರುತ್ತದೆ. ಜೆ-1ಕ್ಕೆ ವಿನಾಯಿತಿ ಸಿಕ್ಕರೆ ಜೆ-2ಗೂ ಸಿಗುತ್ತದೆ, ಹಾಗಾಗಿ ಅರ್ಜಿಯಲ್ಲಿ ಅವರ ಹೆಸರುಗಳನ್ನು ಮರೆಯದೆ ಸೇರಿಸಿ. ಜೆ-2ರವರು ತಾವಾಗಿ ಅರ್ಜಿ ಹಾಕುವಂತಿಲ್ಲ. ಆದರೆ ಗಂಡ ತೀರಿಕೊಂಡಾಗ, ವಿಚ್ಛೇದನವಾದಾಗ, ಮಗುವಿಗೆ 21 ತುಂಬಿದಾಗ ವಿನಾಯಿತಿ ಪರಿಶೀಲನಾ ವಿಭಾಗ ಅವರ ಕೋರಿಕೆಯನ್ನು ಪ್ರತ್ಯೇಕವಾಗಿ ಪರಿಗಣಿಸಬಹುದು. ಇದನ್ನು ಬಿಡಿಸಿ ಹೇಳಲು ಕಾರಣವಿದೆ. ಮದುವೆಯಾಗಿ ಜೆ-2ರಲ್ಲಿ ಬಂದು, ಸಂಸಾರ ಮುರಿದ ಮೇಲೆ, ಬಿಟ್ಟುಹೋದ ಗಂಡ ಅರ್ಜಿ ಹಾಕದಿದ್ದರೆ ತನಗೆ ಗತಿಯಿಲ್ಲ ಎಂದು ನಂಬಿ ಕುಳಿತ ಹೆಣ್ಣುಮಗಳೊಬ್ಬಳನ್ನು ನಾನು ಬಲ್ಲೆ. ವಿಚ್ಛೇದನದ ತೀರ್ಪಿನ ಪ್ರತಿ, ಆಕೆಯ ಮತ್ತು ಆತನ ಡಿಎಸ್-2019 ನಕಲುಗಳು, ಒಂದು ಪುಟದ ಹೇಳಿಕೆ ಇಟ್ಟು ಆಕೆ ಕೋರಿಕೆ ಸಲ್ಲಿಸಿದಳು. ಅದು ಮಂಜೂರಾಯಿತು.

ಶಿಫಾರಸು ಪ್ರತಿಕೂಲವಾಗಿ ಬಂದರೆ ಅದರ ಮೇಲೆ ಮೇಲ್ಮನವಿ ಇಲ್ಲ. ಆದರೆ ಬೇರೆ ಆಧಾರವಿದ್ದರೆ ಹೊಸ ಅರ್ಜಿ ಹಾಕಲು ಅಡ್ಡಿಯಿಲ್ಲ, ಊರಿನಲ್ಲಿ ಕಳೆಯುವ ದಿನಗಳೂ ಒಂದೊಂದಾಗಿ ಜಮೆಯಾಗುತ್ತಲೇ ಇರುತ್ತವೆ. ಮಂಜೂರಾದರೆ ಯುಎಸ್‌ಸಿಐಎಸ್‌ನ ನೋಟಿಸಿನ ಮೂಲಪ್ರತಿಯನ್ನು ಡಿಎಸ್-2019ಗಳ ಜೊತೆ ಒಂದೇ ಫೈಲಿನಲ್ಲಿ ಇಡಿ. ಎಚ್-1ಬಿಯಲ್ಲಿ ಒಮ್ಮೆ, ವೀಸಾ ಸಂದರ್ಶನದಲ್ಲಿ ಒಮ್ಮೆ, ಗ್ರೀನ್ ಕಾರ್ಡ್ ಹೊತ್ತಿಗೆ ಮತ್ತೊಮ್ಮೆ ಅದನ್ನು ಕೇಳುತ್ತಾರೆ. ನನ್ನದನ್ನು ಒಂಬತ್ತು ವರ್ಷದ ನಂತರವೂ ಕೇಳಿದರು.